ತೆರೆದೇ ಇದ್ದ ಫುಟ್‌ರೆಸ್ಟ್

11 ಫೆಬ್ರವರಿ 2025, ಮಂಗಳವಾರ. ಮಧ್ಯಾಹ್ನ 2.40ಕ್ಕೆ ಹೊಸಕೋಟೆ ಕಡೆಯ ಠಾಣೆಗೆ ಬಂದ ವಸಂತನದು ಬೈಕ್ ಕಳೆದುಕೊಂಡವನ ಮುಖವಲ್ಲ, ದೆವ್ವ ಕಂಡವನ ಮುಖ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದರೆ ಪಾರ್ಕಿಂಗಿನಲ್ಲಿ ಗಾಡಿ ಇರಲಿಲ್ಲ. ಅದು ಎಲ್ಲಿದೆ ಎಂದು ಗಾಡಿಗೆ ಹಾಕಿಸಿದ್ದ ಟ್ರ್ಯಾಕರ್ ಮೊಬೈಲಿನಲ್ಲಿ ತೋರಿಸುತ್ತಿತ್ತು. ಒಬ್ಬನೇ ಹೋಗಲು ಅವನಿಗೆ ಧೈರ್ಯ ಸಾಲದು, ಅಷ್ಟೆ.

ಇನ್‌ಸ್ಪೆಕ್ಟರ್ ನವ್ಯಶ್ರೀ ಎಫ್‌ಐಆರ್ ದಾಖಲಿಸಿ ಕೇಳುತ್ತಾ ಹೋದರು. ಏಳು ತಿಂಗಳ ಹಿಂದೆ ಬ್ರೋಕರ್ ಮೂಲಕ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಸಿಕ್ಕಿದ್ದು ಒಂದೇ ಕೀ. ಇನ್ನೊಂದೆಲ್ಲಿ ಎಂದು ಕೇಳುವುದು ಈ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಆಮೇಲೆ ಪ್ರತಿ ಮಂಗಳವಾರ ಪಾಳಿ ಮುಗಿಸಿ ಬಂದಾಗ ಹಿಂದಿನ ಫುಟ್‌ರೆಸ್ಟ್ ಎರಡೂ ತೆರೆದಿರುತ್ತಿದ್ದವು. ವಸಂತ್ ಯಾರನ್ನೂ ಹಿಂದೆ ಕೂರಿಸಿಕೊಂಡವನಲ್ಲ. ಲಾಕ್ ಮುರಿದಿಲ್ಲ, ಒಂದು ಗೀರೂ ಇಲ್ಲ.

ಹೆದರಿ ಅಲಾರಂ ಹಾಕಿಸಲು ಹೋದ. ಅಲಾರಂ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ, ಟ್ರ್ಯಾಕರ್ ಆದರೆ ಹೋದ ದಾರಿ ಹೇಳುತ್ತದೆ ಎಂದ ಅಂಗಡಿಯ ಹಸನ್. ವಸಂತ್ ಸೀಟಿನಡಿ ಅದನ್ನೇ ಹಾಕಿಸಿದ. ಮೊದಲ ಮಂಗಳವಾರವೇ ದಾರಿ ಕಂಡಿತು: 10.30ಕ್ಕೆ ಪಾರ್ಕಿಂಗಿನಿಂದ ಹೊರಟು ನಲ್ಲೂರಿನ ಹುಣಸೆ ತೋಪು, 1.30ಕ್ಕೆ ವಾಪಸು. ವೇಗ ಎಲ್ಲೂ ಗಂಟೆಗೆ ಇಪ್ಪತ್ತು ಕಿ.ಮೀ. ದಾಟಿಲ್ಲ. ಇವತ್ತು ಮಾತ್ರ ಗಾಡಿ ತೋಪಿನಲ್ಲೇ ನಿಂತಿದೆ.

"ಇಪ್ಪತ್ತರಲ್ಲಿ ಯಾವ ಕಳ್ಳ ಓಡಿಸ್ತಾನೆ ಮೇಡಂ?"

"ಟ್ರ್ಯಾಕರ್ ಹಾಕ್ಸೋಕೆ ಮುಂಚೆ ಇನ್ಯಾರನ್ನ ಕೇಳ್ದೆ?"

"ಪಾರ್ಕಿಂಗ್ ಕಾಯೋ ಬೈರೇಶಣ್ಣನ್ನ. ಟ್ರ್ಯಾಕರ್ ದಂಡ, ಅಲಾರಂ ಸಾಕು ಅಂದ್ರು."

"ಟ್ರ್ಯಾಕರ್ ಹಾಕ್ಸಿದ್ದು ಅವ್ನಿಗೆ ಹೇಳಿದ್ಯಾ?"

"ಇಲ್ಲ. ಗಾಡಿ ಮಾರ್ಬಿಡ್ತೀನಿ ಅಂತ ಮಾತ್ರ ನಿನ್ನೆ ಹೇಳ್ದೆ."

ಕಾರ್ಖಾನೆಗೆ ಫೋನ್ ಹೋಯಿತು. ಬೈರೇಶನ ವಾರದ ರಜೆ ಮಂಗಳವಾರ. ರಜೆಯ ದಿನವೂ ಅವನು ಬಂದು ಹೋದರೆ ಗೇಟಿನವರು ಯಾಕೆಂದು ಕೇಳುತ್ತಿರಲಿಲ್ಲ. ಗಾಡಿಯ ಹಿಂದಿನ ಮಾಲೀಕ ಅಮರ್ ಎಂಬವನು, ಹೋದ ವರ್ಷ ಅದೇ ಗಾಡಿಯ ಅಪಘಾತದಲ್ಲಿ ಸತ್ತವನು ಎಂದು ಹೆಡ್ ಕಾನ್‌ಸ್ಟೆಬಲ್ ಜವರಪ್ಪ ದಾಖಲೆ ಓದಿ ಹೇಳಿದಾಗ ವಸಂತ್ ಜೇಬಿನಿಂದ ಗಾಡಿಯ ಕೀ ತೆಗೆದು ಮೇಜಿನ ಮೇಲಿಟ್ಟು ದೂರ ಸರಿದ. ಅಮರ್ ಮತ್ತು ಬೈರೇಶನ ವಿಳಾಸ ನಲ್ಲೂರಿನ ಒಂದೇ ಮನೆ.

ಸಂಜೆ 4.20. ರಸ್ತೆ ತಿರುವಿನ ಪಕ್ಕದ ತೋಪಿನಲ್ಲಿ ಹಗಲೇ ಮಬ್ಬು, ಒಂದು ಹಕ್ಕಿಯ ಸದ್ದೂ ಇಲ್ಲ. ದೊಡ್ಡ ಹುಣಸೆಯ ಬುಡದಲ್ಲಿ ಬೈಕ್, ಅದರ ಮುಂದೆ ಬಾಳೆಲೆಯ ಮೇಲೆ ಸತ್ತವರಿಗಿಡುವ ಎಡೆ: ಮುದ್ದೆ, ಕೋಳಿ ಸಾರು. ಬೈರೇಶ್ ಗಾಡಿಯ ಮೇಲೆ ಕೂತು, ತಲೆ ಹಿಂದಕ್ಕೆ ಹೊರಳಿಸಿ ಮೆಲ್ಲಗೆ ಏನೋ ಹೇಳುತ್ತಿದ್ದ. ಹಿಂದಿನ ಸೀಟು ಖಾಲಿ. ಫುಟ್‌ರೆಸ್ಟ್ ಎರಡೂ ತೆರೆದಿದ್ದವು. ಜವರಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಯಾರ ಹತ್ರ ಮಾತಾಡ್ತಿದ್ದೆ?" ಎಂದರು ನವ್ಯಶ್ರೀ.

ಬೈರೇಶ್ ಓಡಲಿಲ್ಲ. "ತಮ್ಮನ ಹತ್ರ. ಅವತ್ತು ಈ ತಿರುವಲ್ಲಿ ಓಡಿಸ್ತಿದ್ದೋನು ನಾನು ಮೇಡಂ. ಅಮರ್ ಓಡಿಸ್ತಿದ್ದ ಅಂತ ಸುಳ್ಳು ಬರೆಸ್ದೆ. ನಿಧಾನಕ್ಕೆ ಹೋಗಣ್ಣ ಅಂತ ಹಿಂದಿಂದ ಹೇಳ್ತಾನೇ ಇದ್ದ. ಈಗ ನಿಧಾನಕ್ಕೆ ಕರ್ಕೊಂಡು ಬರ್ತೀನಿ."

ಅಪ್ಪ ಗಾಡಿ ಮಾರಿದಾಗ ಎರಡನೇ ಕೀ ಬಚ್ಚಿಟ್ಟಿದ್ದಾಗಿಯೂ, ಮತ್ತೆ ಮಾರುವ ಮಾತು ಕೇಳಿದ ಮೇಲೆ ವಾಪಸು ಬಿಡಲು ಮನಸ್ಸಾಗಲಿಲ್ಲವೆಂದೂ ಹೇಳಿಕೆ ಕೊಟ್ಟ. 5.05ಕ್ಕೆ ಪಂಚನಾಮೆ ಮುಗಿಸಿ ಅವನನ್ನು ಬಂಧಿಸಲಾಯಿತು.

ಜಪ್ತಿಯಾದ ಬೈಕನ್ನು ಠಾಣೆಗೆ ತರುವ ಕೆಲಸ ಜವರಪ್ಪನಿಗೆ ಬಿತ್ತು. ಫುಟ್‌ರೆಸ್ಟ್ ಮುಚ್ಚಲು ಬಗ್ಗಿದವನು ಹಿಂದೆ ನಿಂತಿದ್ದ ಜೀಪಿನಲ್ಲಿ ಬೈರೇಶನ ಮುಖ ನೋಡಿ ಹಾಗೇ ಬಿಟ್ಟ. ಠಾಣೆ ಮುಟ್ಟುವವರೆಗೂ ಅವನು ಇಪ್ಪತ್ತು ದಾಟಲಿಲ್ಲ. ಹಿಂದೆಯೇ ಜೀಪಿನಲ್ಲಿ ಬರುತ್ತಿದ್ದ ನವ್ಯಶ್ರೀಯೂ ಹಾರ್ನ್ ಹಾಕಿಸಲಿಲ್ಲ.