ಇಲ್ಲೇ ಕುಡೀಬೇಕು!

"ರೀ! ಮಕ್ಕಳ ಬಾಯಿಂದ ಹಾಲು ಕಿತ್ಕೊಳ್ಳೋಕೆ ನಿಮಗೆ ನಾಚಿಕೆ ಆಗಲ್ವೇನ್ರೀ?"

ಭದ್ರಾವತಿಯ ಹೊನ್ನಗಿರಿ ಎರಕದ ಕಾರ್ಖಾನೆಯ ಗೇಟಿನಲ್ಲಿ, ಮಧ್ಯಾಹ್ನ ಬೆಳಗಿನ ಪಾಳಿ ಬಿಡುವ ಹೊತ್ತಿಗೆ, ಅಷ್ಟು ಗಂಡಸರ ನಡುವೆ ನುಗ್ಗಿ ಹೀಗೆ ಕೂಗಿದವಳು ದಾಕ್ಷಾಯಣಿ. ಕಾರ್ಮಿಕರ ಕಾಲೊನಿಯ ಶಾಲೆಯ ಟೀಚರ್. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ೧೯೫೮ರ ಆ ದಿನ ಅದು ಮೂಗಿನಿಂದ ನಾಲಿಗೆಗೇ ಇಳಿದಿತ್ತು!

ಎದುರಿಗೆ ನಿಂತವನು ಷಣ್ಮುಖ. ಶಿವಮೊಗ್ಗದ ದುರ್ಗಿಗುಡಿಯವನು, ಕಾರ್ಖಾನೆಗೆ ಹೊಸದಾಗಿ ಬಂದ ವೆಲ್ಫೇರ್ ಆಫೀಸರ್. ಅವನ ಕೈಯಲ್ಲಿ ಯಾರೋ ಕೆಲಸಗಾರನ ಟಿಫನ್ ಕ್ಯಾರಿಯರ್. ಅದರ ತುಂಬ ಹಾಲು.

ಕುಲುಮೆಯ ಮುಂದೆ ಬೇಯುವವರಿಗೆ ಕಂಪನಿ ದಿನಾ ಒಂದು ದೊಡ್ಡ ಲೋಟ ಹಾಲು ಕೊಡುತ್ತಿತ್ತು. ಆದರೆ ಕುಡಿದವರು ಯಾರು? ಕ್ಯಾರಿಯರ್‌ಗೆ ಸುರಿದುಕೊಂಡು ಮನೆಗೆ ಒಯ್ದು ಮಕ್ಕಳಿಗೆ ಕೊಡುತ್ತಿದ್ದರು. ಕಾಲೊನಿಯ ಎಷ್ಟೋ ಮಕ್ಕಳು ಬೆಳೆದದ್ದೇ ಆ ಹಾಲಿನಲ್ಲಿ. ದಾಕ್ಷಾಯಣಿ ಕೂಡ.

ಆ ವಾರ ಷಣ್ಮುಖ ಹೊಸ ರೂಲ್ ತಂದಿದ್ದ. ಹಾಲನ್ನು ಕ್ಯಾಂಟೀನಿನಲ್ಲೇ, ತನ್ನ ಎದುರಿಗೇ ಕುಡಿಯಬೇಕು. ಮನೆಗೆ ಒಯ್ಯುವ ಹಾಗಿಲ್ಲ!

"ಇವತ್ತು ಪ್ರಾರ್ಥನೆ ಹೊತ್ತಲ್ಲಿ ಕಾಳಮ್ಮನ ಮಗಳು ತಲೆ ಸುತ್ತಿ ಬಿದ್ದಳು," ಎಂದಳು ದಾಕ್ಷಾಯಣಿ. "ನಿಮ್ಮ ರೂಲಿಂದ!"

"ಹೋದ ತಿಂಗಳು ಕುಲುಮೆ ಮುಂದೆ ಒಬ್ರು ಹೀಗೇ ತಲೆ ಸುತ್ತಿ ಬಿದ್ರು, ಟೀಚರ್. ಕರಗಿದ ಕಬ್ಬಿಣ ಅವರ ಪಕ್ಕದಲ್ಲೇ ಹರೀತಿತ್ತು. ಬೆಳಿಗ್ಗೆಯಿಂದ ಹೊಟ್ಟೇಲಿ ಏನೂ ಇರ್ಲಿಲ್ಲ ಅವರಿಗೆ... ಹಾಲು ಮಾತ್ರ ಕ್ಯಾರಿಯರ್‌ನಲ್ಲಿತ್ತು."

"ಯಾರವರು?"

"ಹೆಸರು ಹೇಳಲ್ಲ. ಮಾತು ಕೊಟ್ಟಿದ್ದೀನಿ."

"ನೆಪ ಚೆನ್ನಾಗಿದೆ!"

ಸೆರಗು ಬಿಗಿದು ತಿರುಗಿ ನಡೆದಳು. ಅಷ್ಟು ಬೈದರೂ ಅವನ ಕಣ್ಣಲ್ಲಿ ಒಂಚೂರೂ ಕೋಪ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು!

ಮನೆಗೆ ಬಂದರೆ ಅಪ್ಪ ವೀರಪ್ಪ ಊಟಕ್ಕೆ ಕೂತಿದ್ದ. ಮೊಣಕೈಗೆ ಬಟ್ಟೆಯ ಪಟ್ಟಿ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದ. ಅದೂ ಹೋದ ತಿಂಗಳೇ... ದಾಕ್ಷಾಯಣಿ ಅಪ್ಪನ ಎದುರಿಗೇ ಕೂತಳು.

"ಅಪ್ಪಾ... ಕುಲುಮೆ ಮುಂದೆ ಬಿದ್ದೋರು ಯಾರು?"

ವೀರಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬಿಡೇ ಮಾರಾಯ್ತಿ. ಏನೂ ಆಗ್ಲಿಲ್ವಲ್ಲ."

"ನಾನು ದೊಡ್ಡೋಳಾದೆ. ಈಗ ಯಾರಿಗೆ ತರ್ತಿದ್ದೆ ಆ ಹಾಲು?"

"ಪಕ್ಕದ್ಮನೆ ಚೌಡಮ್ಮನ ಮಕ್ಕಳಿಗೆ. ಗಂಡ ಹೋದ್ಮೇಲೆ ಅವಳಿಗೆ ಯಾರಿದ್ದಾರೆ ಹೇಳು? ಆ ಮಕ್ಕಳು ಬಾಗ್ಲಲ್ಲಿ ನಿಂತು ಕಾಯ್ತಿದ್ರೆ, ನನ್ನ ಗಂಟಲಲ್ಲಿ ಹಾಲು ಇಳಿಯುತ್ತೇನೇ?"

ದಾಕ್ಷಾಯಣಿ ಅಪ್ಪನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ತಾನು ಚಿಕ್ಕವಳಿದ್ದಾಗ ಗಟಗಟ ಕುಡಿದ ಲೋಟಗಳೆಲ್ಲ ನೆನಪಾದವು. ಆಗ ಅಪ್ಪ ಏನು ಕುಡಿಯುತ್ತಿದ್ದ? ಒಂದು ದಿನವೂ ಕೇಳಿರಲಿಲ್ಲ.

ಮಾರನೇ ದಿನ ನೇರ ಷಣ್ಮುಖನ ಆಫೀಸಿಗೆ ಹೋದಳು.

"ನಿಮ್ಮ ರೂಲ್ ಸರಿ," ಎಂದಳು.

ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತಿದ್ದ ಷಣ್ಮುಖ ಪೆಚ್ಚಾದ.

"ಆದ್ರೆ ಅರ್ಧ ಸರಿ! ಅಪ್ಪಂದಿರ ಲೋಟ ತುಂಬಿಸಿದ್ರಿ, ಮಕ್ಕಳ ಲೋಟ ಖಾಲಿ ಮಾಡಿದ್ರಿ. ಇಷ್ಟು ದೊಡ್ಡ ಕಂಪನಿ, ಅದನ್ನೂ ತುಂಬಿಸ್ಲಿ."

ಅವನು ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ನಕ್ಕ.

"ಸೋಮವಾರ ಶಾಲೆಗೇ ಬಂದು ಉತ್ತರ ಹೇಳ್ತೀನಿ."

ಸೋಮವಾರ ದಾಕ್ಷಾಯಣಿ ಮಲ್ಲಿಗೆ ಮುಡಿದಿದ್ದಳು. ಸುಮ್ಮನೆ! ಮಗ್ಗಿ ಹೇಳಿಸುತ್ತಾ ಕಿಟಕಿಯಾಚೆಯ ರಸ್ತೆಯನ್ನೇ ನೋಡಿದಳು. ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಸಂಜೆ ಗೇಟಿಗೆ ಹೋಗಿ ಪ್ಯೂನ್ ಹೂವಪ್ಪನನ್ನು ಕೇಳಿದಳು.

"ಸಾಹೇಬ್ರು ಶಿವಮೊಗ್ಗದ ಹೆಡ್ಡಾಫೀಸಿಗೆ ಹೋದ್ರು, ಟೀಚರಮ್ಮ. ಟ್ರಂಕೂ ತಗೊಂಡೇ ಹೋದ್ರು. ವಾಪಸ್ ಬರೋ ಹಾಗೆ ಕಾಣಲ್ಲ."

ಓಡಿಹೋದನಾ! ಮಾತು ಕೊಡೋದು, ಜಾರಿಕೊಳ್ಳೋದು... ಈ ಆಫೀಸರುಗಳೆಲ್ಲ ಇಷ್ಟೇ. ಅಯ್ಯೋ, ನನ್ನ ಮಕ್ಕಳ ಹಾಲು! ಆದರೆ ಸೋಮವಾರ ಮಲ್ಲಿಗೆ ಮುಡಿದದ್ದು ಹಾಲಿಗಾಗಿ ಮಾತ್ರವೇ? ಸುಳ್ಳು ಹೇಳಬೇಡ ದಾಕ್ಷಾಯಣಿ, ಎಂದು ತನಗೆ ತಾನೇ ಗದರಿಕೊಂಡಳು.

ಬೇರೆ ಯಾರಾದರೂ ಆಗಿದ್ದರೆ ದಿಂಬಿಗೆ ಮುಖ ಹುದುಗಿಸಿ ಅಳುತ್ತಿದ್ದರೇನೋ. ಇವಳು ರಜೆ ಹಾಕಿ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೊರಟಳು!

ಹೆಡ್ಡಾಫೀಸಿನಲ್ಲಿ ಮಾಲೀಕರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಾಲೀಕ ಶಿವಯೋಗಪ್ಪನವರ ದೊಡ್ಡ ದನಿ ಕೇಳಿಸುತ್ತಿತ್ತು.

"ಶಾಲೆ ಸರ್ಕಾರದ್ದು. ಮಕ್ಕಳು ಅವರವರ ಅಪ್ಪಂದಿರದ್ದು. ನಮಗೇನಯ್ಯಾ ಸಂಬಂಧ? ಮೂರು ದಿನದಿಂದ ಅದೇ ರಾಗ ಹಾಡ್ತಿದ್ದೀಯ!"

"ಹಾಗಾದ್ರೆ ನನ್ನನ್ನ ಕೆಲಸದಿಂದ ಬಿಟ್ಟುಬಿಡಿ, ಸಾರ್. ನಾನು ತಯಾರಾಗೇ ಬಂದಿದ್ದೀನಿ. ಬರಿಗೈಲಿ ಹೋಗಿ ಆ ಟೀಚರ್ ಮುಖ ನೋಡೋಕೆ ನನ್ನಿಂದ ಆಗಲ್ಲ."

ಷಣ್ಮುಖ! ಟ್ರಂಕು ಅದಕ್ಕಾ... ದಾಕ್ಷಾಯಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇವನನ್ನಾ ನಾನು ಓಡಿಹೋದ ಅಂದುಕೊಂಡದ್ದು? ಕಣ್ಣೊರೆಸಿಕೊಂಡು, ತಲೆಯೆತ್ತಿ ಒಳಗೆ ಹೋದಳು.

"ನಾನೇ ಆ ಟೀಚರ್, ಸಾರ್. ಕುಲುಮೆ ಮುಂದೆ ಬಿದ್ದ ವೀರಪ್ಪನ ಮಗಳು."

ಷಣ್ಮುಖ ಬೆಚ್ಚಿ ತಿರುಗಿದ. ಶಿವಯೋಗಪ್ಪನವರು ಕನ್ನಡಕ ತೆಗೆದರು.

"ಮನೇಲಿ ಮಕ್ಕಳು ಹಸಿದಿದ್ರೆ ಯಾವ ಅಪ್ಪನೂ ತನ್ನ ಹಾಲು ಕುಡಿಯಲ್ಲ, ಸಾರ್. ಗೇಟಿಗೆ ಕಾವಲು ಹಾಕ್ತೀರಿ, ಸರಿ. ಬುತ್ತಿ ಅನ್ನಾನೇ ಮಕ್ಕಳಿಗೆ ಬಿಟ್ಟು ಬರ್ತಾರಲ್ಲ, ಅದಕ್ಕೇನ್ ಮಾಡ್ತೀರಿ? ಮಕ್ಕಳ ಹೊಟ್ಟೆ ತುಂಬಿದ್ರೇನೇ ನಿಮ್ಮ ಕುಲುಮೆ ಮುಂದೆ ಅಪ್ಪಂದಿರು ಗಟ್ಟಿಯಾಗಿ ನಿಲ್ಲೋದು."

ಶಿವಯೋಗಪ್ಪನವರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.

"ಬಿದ್ದೋನು ಯಾರು ಅಂತ ಈ ಹುಡುಗ ನನಗೂ ಹೇಳಿರಲಿಲ್ಲಮ್ಮ," ಎಂದರು ಮೆಲ್ಲಗೆ. ಆಮೇಲೆ ಷಣ್ಮುಖನ ಕಡೆ ತಿರುಗಿ, "ಹೊಳಲೂರು ಹಳ್ಳಿಯಿಂದ ಹಾಲು ತರಿಸು. ದಿನಾ ಶಾಲೆಗೆ ಹೋಗ್ಲಿ, ಕಂಪನಿ ಲೆಕ್ಕದಲ್ಲಿ. ಆ ಟ್ರಂಕನ್ನ ಭದ್ರಾವತಿಗೆ ವಾಪಸ್ ತಗೊಂಡು ಹೋಗು!"

ಮುಂದಿನ ವಾರ ಶಾಲೆಯ ಜಗಲಿಗೆ ಹಾಲಿನ ಕ್ಯಾನುಗಳು ಬಂದವು. ಕಾಳಮ್ಮನ ಮಗಳು ಎರಡನೇ ಲೋಟ ಕೇಳಿ ಕುಡಿದಳು. ಚೌಡಮ್ಮನ ಮಕ್ಕಳಿಗೆ ಬಿಳಿ ಮೀಸೆ ಮೂಡಿತು. ಪಾಳಿ ಮುಗಿಸಿ ಬಂದ ವೀರಪ್ಪ ಬೇಲಿಯಾಚೆ ನಿಂತು, ಖಾಲಿ ಕ್ಯಾರಿಯರ್ ಎತ್ತಿ ಮಗಳಿಗೆ ತೋರಿಸಿದ. ತಾನೂ ಕುಡಿದೆ ಎಂದು!

ಮಕ್ಕಳೆಲ್ಲ ಹೋದ ಮೇಲೆ ಒಂದು ಲೋಟ ಹಾಲು ಉಳಿಯಿತು. ದಾಕ್ಷಾಯಣಿ ಅದನ್ನು ಷಣ್ಮುಖನ ಮುಂದೆ ಹಿಡಿದಳು.

"ನನಗಾ? ಬೇಡ ಟೀಚರ್... ಆಮೇಲೆ ರೂಮಿಗೆ ತಗೊಂಡು ಹೋಗಿ..."

"ಹಾಗಿಲ್ಲ! ಇಲ್ಲೇ, ನನ್ನ ಎದುರಿಗೇ ಕುಡೀಬೇಕು. ಮನೆಗೆ ಒಯ್ಯೋ ಹಾಗಿಲ್ಲ!"

ಷಣ್ಮುಖ ಜೋರಾಗಿ ನಕ್ಕುಬಿಟ್ಟ. ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡ.

"ಇಲ್ಲಿಂದ ನಮ್ಮನೆಗೆ ಏನೂ ಒಯ್ಯೋ ಹಾಗಿಲ್ವಾ?"

ದಾಕ್ಷಾಯಣಿಯ ಕಿವಿ ಬಿಸಿಯಾಯಿತು. ಅಂದು ಗೇಟಿನಲ್ಲಿ ಅಷ್ಟು ಗಂಡಸರ ಮುಂದೆ ಕೂಗಿದವಳ ದನಿ ಈಗ ತನಗೇ ಕೇಳದಷ್ಟು ಮೆಲ್ಲಗಾಗಿತ್ತು.

"ಹಾಲು ಮಾತ್ರ ಒಯ್ಯೋ ಹಾಗಿಲ್ಲ... ಬೇರೇದಕ್ಕೆ ಅಪ್ಪನ್ನ ಕೇಳಿ."

"ನಿನ್ನೆನೇ ಕೇಳಿದೆ."

"ಏನು! ಏನಂದ್ರು?"

"ನನ್ನ ಕೇಳಿ ಏನ್ ಮಾಡ್ತೀರಿ ಮಾರಾಯ್ರೆ, ಅವಳನ್ನೇ ಕೇಳಿ ಅಂದ್ರು."

"ಮತ್ತೆ... ಕೇಳಿ!"

ಅವನು ಲೋಟವನ್ನು ಜಗಲಿಯ ಮೇಲಿಟ್ಟ. ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದ.

"ಬರ್ತೀಯಾ, ದಾಕ್ಷಾಯಣಿ?"

"ಬರ್ತೀನಿ."