ನಾಲ್ಕು ಲೀಟರ್ ಕೂಲೆಂಟ್

ಫೆಬ್ರವರಿ 18, ಬೆಳಿಗ್ಗೆ 11.40. ಜಪಾನಿನ ಕಾವಾಸಾಕಿಯ ಠಾಣೆಗೆ ದೂರು ಬಂತು. ವಿಮಾನ ನಿಲ್ದಾಣದ ದಾರಿಯಲ್ಲಿ ಕಾರಿನ ಎಂಜಿನ್ ಕಾದು ನಿಂತಿದೆ; ರೇಡಿಯೇಟರ್ ಮುಚ್ಚಳ ತೆಗೆಯಲು ಹೋದವರ ಎರಡೂ ಕಣ್ಣು ಹಬೆಗೆ ಬೆಂದಿವೆ. ದೂರುದಾರ ಕಾರಿನ ಮಾಲೀಕ ನಿತಿನ್. ಆರು ವರ್ಷದ ಮಗಳು ವರ್ಷಿಣಿಯನ್ನು ದಾವಣಗೆರೆಯಲ್ಲಿರುವ ತನ್ನ ತಾಯಿಯ ಬಳಿ ಬಿಟ್ಟುಬರಲು ಹೊರಟಿದ್ದ. ಗಾಯಾಳು ಪಕ್ಕದ ಮನೆಯ ಓನಿಶಿ; ಕಾರು ವಾಪಸ್ ತರಲೆಂದು ಜೊತೆಗಿದ್ದವರು. ಪಾಪ, ಉಪಕಾರಕ್ಕೆ ಹೋಗಿ ಕಣ್ಣಿಗೆ ತಂದುಕೊಂಡರು.

ಇನ್‌ಸ್ಪೆಕ್ಟರ್ ಕುರೊದಾ ಕನ್ನಡದ ದುಭಾಷಿ ಶೈಲಜಾಳನ್ನು ಕರೆಸಿದರು.

2.15ಕ್ಕೆ ಮೆಕ್ಯಾನಿಕ್ ವರದಿ ಕೊಟ್ಟ. ಹೋಸ್, ಪಂಪ್, ಥರ್ಮೋಸ್ಟಾಟ್ ಎಲ್ಲ ಸರಿಯಿವೆ. ಎಂಜಿನ್ ತಂಪಾಗಿಡುವ ದ್ರವ, ಕೂಲೆಂಟ್, ನಾಲ್ಕು ಲೀಟರ್ ಕಾಣೆ. ಅದನ್ನು ಬಸಿಯುವ ತಿರುಪಿನ ಮೇಲೆ ಹೊಸ ಗೀರು. ಮನೆಯ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ತೊಟ್ಟೂ ಬಿದ್ದಿಲ್ಲ.

"ಸೋರಿದ್ದಲ್ಲ. ಯಾರೋ ಹಿಡಿದಿಟ್ಟಿದ್ದಾರೆ," ಎಂದರು ಕುರೊದಾ.

4.05ಕ್ಕೆ ಮನೆಯ ಪಂಚನಾಮೆ. ಅಡುಗೆಮನೆಯ ಸಿಂಕಿನ ಕೆಳಗೆ, ಅಕ್ಕಿ ಡಬ್ಬಿಯ ಹಿಂದೆ, ಗುಲಾಬಿ ದ್ರವ ತುಂಬಿದ ಎರಡು ಲೀಟರಿನ ಎರಡು ಬಾಟಲಿ. ಮೇಲೆ ಚೀಟಿ: 'ವಿಷ'. ದೊಡ್ಡವರ ಲಿಪಿಯಲ್ಲಲ್ಲ, ಜಪಾನಿ ಮಕ್ಕಳು ಮೊದಲು ಕಲಿಯುವ ಹಿರಗಾನಾದಲ್ಲಿ, ದಪ್ಪ ಅಕ್ಷರದಲ್ಲಿ. ಶೈಲಜಾ ಚೀಟಿಯನ್ನು ಎರಡು ಸಲ ಓದಿದಳು. ಅದು ಆರು ವರ್ಷದವಳಿಗೆಂದೇ ಬರೆದದ್ದು. ಕುರೊದಾರಿಗೂ ತಿಳಿಯಿತು, ಅವರು ನಿತಿನ್‌ನ ಹೆಂಡತಿಯತ್ತ ತಿರುಗಿದರು.

"ಕಸ್ತೂರಿಯವರೇ, ಇದು ನಿಮ್ಮ ಅಕ್ಷರಾನಾ?" ಶೈಲಜಾ ಕೇಳಿದಳು.

"ಹೌದು ಮೇಡಂ. ವರ್ಷಿಗೆ ಕನ್ನಡ ಓದಕ್ಕೆ ಬರಲ್ಲ. ಜ್ಯೂಸ್ ಅಂತ ಕುಡಿದುಬಿಟ್ರೆ?"

"ಕೂಲೆಂಟ್ ಯಾಕೆ ತೆಗೆದ್ರಿ?"

"ನಂದೂ ಆಟೊಮೊಬೈಲ್ ಡಿಪ್ಲೊಮಾನೇ. ಇಲ್ಲಿಗೆ ಬಂದ್ಮೇಲೆ ಸೌಟು ಹಿಡಿದೆ, ಅಷ್ಟೇ. ವಾರ್ನಿಂಗ್ ಲೈಟ್ ಬಂದ್ರೆ ಗಾಡಿ ನಿಲ್ಲಿಸ್ತಾರೆ, ಫ್ಲೈಟ್ ಮಿಸ್ ಆಗತ್ತೆ ಅಂದ್ಕೊಂಡೆ. ನನ್ನ ಒಂದ್ ಮಾತು ಕೇಳದೆ ಟಿಕೆಟ್ ಮಾಡಿದ್ರು. ಇನ್ನೊಂದು ದಿನ ಸಿಕ್ಕಿದ್ರೆ ಕಾಲು ಹಿಡಿದಾದ್ರೂ ಒಪ್ಪಿಸ್ತಿದ್ದೆ."

"ಮುಚ್ಚಳ ತೆಗೀತಾರೆ ಅಂತ ಹೊಳೀಲಿಲ್ವಾ?"

"ನಿತಿನ್ ತೆಗೆಯಲ್ಲ. ಓನಿಶಿ-ಸಾನ್ ಜೊತೆಗೆ ಹೋಗ್ತಾರೆ ಅಂತ ಗೊತ್ತಿರಲಿಲ್ಲ."

6.20ಕ್ಕೆ ಬಂಧನ. ಬಾಗಿಲಲ್ಲಿ ವರ್ಷಿಣಿ ಅಮ್ಮನ ಸೆರಗು ಬಿಡಲಿಲ್ಲ. ಮಹಿಳಾ ಪೇದೆ ಮೆಲ್ಲಗೆ ಬೆರಳು ಬಿಡಿಸಿದಳು.

ಮಗಳು ತನ್ನಿಂದ ದೂರವಾಗಬಾರದೆಂದೇ ಕಸ್ತೂರಿ ಇಷ್ಟೆಲ್ಲ ಮಾಡಿದ್ದಳು. ಈಗ ನಿತಿನ್ ಫೋನ್ ಹಿಡಿದು ಕುರೊದಾರ ಬಳಿ ಬಂದ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ, ಶುಕ್ರವಾರದ ವಿಮಾನಕ್ಕೆ ಕರೆದೊಯ್ಯಬಹುದೇ ಎಂದು ಜಪಾನಿಯಲ್ಲಿ ಕೇಳಿದ.

ಅಭ್ಯಂತರವಿಲ್ಲ ಎಂದರು ಕುರೊದಾ. ಪೊಲೀಸ್ ಕಾರಿನಲ್ಲಿ ಕುಳಿತ ಕಸ್ತೂರಿ, ಅವರೇನು ಮಾತಾಡಿದರೆಂದು ಶೈಲಜಾಳನ್ನು ಕೇಳಿದಳು. ಶೈಲಜಾ ಕನ್ನಡದಲ್ಲಿ ಹೇಳಿದಳು.