ಅಕ್ಕ ಅರ್ಧಕ್ಕೆ ಬಿಟ್ಟ ಸೊಂಟಪಟ್ಟಿ

“ಬೇಡ ಕಣಮ್ಮ, ಇನ್ನೊಬ್ರು ಅರ್ಧಕ್ಕೆ ಬಿಟ್ಟಿದ್ದಕ್ಕೆ ಕೈ ಹಾಕ್ಬೇಡ. ಅವರ ಬೆರಳಿಗೆ ಬಂದದ್ದು ನಿನ್ನ ಬೆರಳಿಗೂ ಬರುತ್ತೆ,” ಎಂದಳು ಮೇಣದಜ್ಜಿ.

ಪಟಾಕಿ ಬಿದ್ದು ಬಿದ್ದು ನಕ್ಕಳು. “ಹಾಗಾದ್ರೆ ನೀವು ಹೆಣೆದದ್ದು ಮುಟ್ಟಿದ್ರೆ ನಿಮ್ಮ ಮಂಡಿನೋವೂ ಬರುತ್ತಾ ಅಜ್ಜಿ? ಬೇಡಪ್ಪಾ ಬೇಡ!”

ಹುಡುಗಿಯ ಬಾಯಿಯೇ ಅಂಥದ್ದು. ಅದಕ್ಕೇ ಎಲ್ಲರೂ ಅವಳನ್ನು ಪಟಾಕಿ ಎನ್ನುತ್ತಿದ್ದರು. ಹಗಲಲ್ಲೂ ದೀಪ ಬೇಕಾಗುವ ಆ ನೆಲಮಾಳಿಗೆಯ ಕೆಲಸಕ್ಕೆ ಅವಳು ಹೊಸಬಳು. ಗೋಡೆಯ ಮೊಳೆಗಳಲ್ಲಿ ಗಂಟು ಹಾಕಿ ಹೆಣೆದ ಕೈಪಟ್ಟಿಗಳು, ಚೀಲದ ಹಿಡಿಗಳು, ಸೊಂಟಪಟ್ಟಿಗಳು ಜೋತಾಡುತ್ತಿದ್ದವು. ಹಸಿ ಬಣ್ಣದ ವಾಸನೆ, ಅಜ್ಜಿ ದಾರಕ್ಕೆ ಉಜ್ಜುವ ಮೇಣದ ವಾಸನೆ, ತುದಿ ಬಿಚ್ಚದಂತೆ ದಾರವನ್ನು ಸುಡುವ ಕಮಟು. ಅಲ್ಲಿ ಒಂದು ಕಟ್ಟಳೆ ಇತ್ತು: ಮೊದಲ ಗಂಟು ಹಾಕಿದವರೇ ಕೊನೆಯ ಗಂಟನ್ನೂ ಹಾಕಬೇಕು. ಯಾರಾದರೂ ಕಾಯಿಲೆ ಬಿದ್ದರೆ ಅವರ ಕೆಲಸವನ್ನು ಬೆಂಕಿಗೆ ಹಾಕುತ್ತಿದ್ದರೇ ಹೊರತು ಬೇರೆಯವರು ಮುಂದುವರಿಸುತ್ತಿರಲಿಲ್ಲ.

ಪಟಾಕಿಯ ತೊಡೆಯ ಮೇಲಿದ್ದ ಕಪ್ಪು ಸೊಂಟಪಟ್ಟಿ ಅಕ್ಕನದು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅದೇ ಅಕ್ಕ. ಈ ಕೆಲಸಕ್ಕೆ ಕರೆತಂದವಳೂ ಅವಳೇ. ಈಗ ಅವಳ ಬಲಗೈ ಹಿಡಿದುಕೊಂಡಿತ್ತು. ತನ್ನ ಕೂಸನ್ನೂ ಎತ್ತಿಕೊಳ್ಳದೆ, ಉಳುಕು ಎನ್ನುತ್ತ ಅದನ್ನು ಸದಾ ಶಾಲಿನೊಳಗೇ ಇಟ್ಟುಕೊಂಡಿರುತ್ತಿದ್ದಳು. “ನೀನೇ ಮುಗಿಸಿಕೊಡೇ, ನನ್ನ ಬಂಗಾರ,” ಎಂದಿದ್ದಳು. ಅಕ್ಕ ಕೇಳಿದ ಮೇಲೆ ಮುಗಿಯಿತು, ಇನ್ನು ಅಜ್ಜಿಯ ಮಾತು ಯಾರಿಗೆ ಬೇಕು? ಪಟಾಕಿಗೆ ತನ್ನ ಕೈಗಳ ಮೇಲೆ ಎಲ್ಲಿಲ್ಲದ ಜಂಬ. ಈ ಕೈಗಳಿಂದಲೇ ಮೇಲಿನ ಬೀದಿಯಲ್ಲಿ ಒಂದು ಪುಟ್ಟ ಅಂಗಡಿ ತೆರೆಯುವ ಆಸೆ ಅವಳದು.

ಅಜ್ಜಿ ಗೊಣಗುತ್ತ ಮೆಟ್ಟಿಲು ಹತ್ತಿ ಹೋದಳು. ಪಟಾಕಿ ಒಬ್ಬಳೇ ಕೂತು ಹೆಣೆದಳು. ವಿಚಿತ್ರವೆಂದರೆ, ಪಟ್ಟಿ ಅವಳಿಗಿಂತ ಅವಸರದಲ್ಲಿತ್ತು. ಸಡಿಲ ಬಿಟ್ಟ ಗಂಟು ತಾನಾಗಿ ಬಿಗಿಯುತ್ತಿತ್ತು. ದಾರದೊಳಗೆ ಇನ್ನೇನೋ ಹೊಸೆದಂತಿತ್ತು, ನುಣ್ಣಗೆ, ತಣ್ಣಗೆ. ಕೊನೆಯ ಗಂಟು ಬಿತ್ತು. ಮೇಣದಬತ್ತಿಗೆ ತುದಿ ಹಿಡಿದಳು.

ದಾರ ಸುಟ್ಟ ವಾಸನೆ ಬರಲಿಲ್ಲ. ಕೂದಲು ಸುಟ್ಟ ವಾಸನೆ ಬಂತು.

ಕರೆಂಟು ಹೋಯಿತು. ಬತ್ತಿಯೂ ಆರಿತು. ಕತ್ತಲಲ್ಲಿ ಸರ್ ಸರ್ ಎಂದು ದಾರ ಎಳೆಯುವ ಸದ್ದು. ಅವಳು ಎಳೆಯುತ್ತಿರಲಿಲ್ಲ. ಕಿರುಬೆರಳು ಮಡಚಿತು. ಬಿಡಿಸಲು ಹೋದಳು. ಇನ್ನೊಂದು ಕೈಯದೂ ಮಡಚಿತು. ಒಂದೊಂದೇ ಬೆರಳು. ಉಗುರು ಅಂಗೈಗೆ ನಾಟಿತು. ಹಲ್ಲಿನಿಂದ ಗಂಟು ಕಚ್ಚಿದಳು. ಬಾಯಿತುಂಬ ಕೂದಲು. ಗಂಟು ಅಲುಗಲಿಲ್ಲ.

“ಅಕ್ಕಾ! ಬೇಗ ಬಾ ಅಕ್ಕಾ!”

ಮೆಟ್ಟಿಲ ಮೇಲೆ ಬಾಗಿಲು ತೆರೆಯಿತು. ಬೆಳಕಿನಲ್ಲಿ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲೇ ಇದ್ದಳೋ! ಕೆಳಗೆ ಮಾತ್ರ ಇಳಿಯಲಿಲ್ಲ. ಶಾಲಿನಿಂದ ಬಲಗೈ ಹೊರತೆಗೆದು ಮುಷ್ಟಿ ಬಿಚ್ಚಿದಳು. ಮತ್ತೆ ಮುಚ್ಚಿ, ಮತ್ತೆ ಬಿಚ್ಚಿದಳು. ಅವಳ ಮುಖದ ಮೇಲೆ ನಗು ಮೂಡಿತು. ತಂಗಿಯನ್ನು ನೋಡಿದ ಮೇಲೆ ಅದು ಮಾಯವಾಯಿತು.

“ಕತ್ತರಿ ಕೊಡು ಅಕ್ಕಾ!”

“ಮುಗಿದ್ಮೇಲೆ ಅದು ಕತ್ತರಿಗೆ ಬಗ್ಗಲ್ಲ ಕಣೇ.”

“ನಿಂಗೆ ಗೊತ್ತಿತ್ತಾ?”

“ಯಾವಳೋ ಕೂದಲು ಹೊಸೆದು ಮಾಟ ಮಾಡಿಸಿ, ಅರ್ಧ ಹೆಣೆದ ಈ ಪಟ್ಟಿ ತಂದುಕೊಟ್ಲು. ಮುಗಿಸಿಕೊಡಿ ಅಂತ ಕಣ್ಣೀರು ಹಾಕಿದ್ಲು. ನಾನೂ ಕಟ್ಟಳೆ ಮೀರಿ ನಾಲ್ಕು ಗಂಟು ಹಾಕ್ದೆ, ಕೈ ಹೋಯ್ತು. ಇದು ಗೊತ್ತಿಲ್ಲದವರು ಯಾರಾದ್ರೂ ಪೂರ್ತಿ ಮುಗಿಸಿದ್ರೆ ನಿನ್ನ ಕೈ ಬಿಡುತ್ತೆ ಅಂದ ಮಂತ್ರವಾದಿ. ಮಗೂನ ಎತ್ಕೊಳ್ಳೋಕೂ ಆಗ್ತಿರ್ಲಿಲ್ಲ ಕಣೇ ನಂಗೆ.”

“ಅದಕ್ಕೆ ನಾನೇ ಬೇಕಿತ್ತಾ? ನಿನ್ನ ಒಡಹುಟ್ಟಿದವಳು!”

ಅಕ್ಕ ಹೇಳಿದಳು: “ಬೇರೆ ಯಾರು ನಾನು ಕೊಟ್ಟಿದ್ದನ್ನ ಯಾಕೆ ಅಂತ ಕೇಳದೆ ತಗೋತಾರೆ?”

ಪಟಾಕಿ ಬಾಯಿಗೆ ಬಂದಂತೆ ಬೈದಳು. ಹಾಳಾಗಿ ಹೋಗು ಎಂದಳು. ಬೈಗುಳವೆಲ್ಲ ತೀರಿದ ಮೇಲೆ ಮುಷ್ಟಿಗಳಿಂದ ಮುಖ ಒತ್ತಿಕೊಂಡು ಅತ್ತಳು. ಕೈ ಹೋದದ್ದಕ್ಕಿಂತ ಕೊಟ್ಟವಳು ಯಾರೆಂಬುದೇ ಅವಳ ಹೊಟ್ಟೆಗೆ ಬೆಂಕಿ ಹಚ್ಚಿತ್ತು. ಆ ಹುಡುಗಿಗೆ ಈ ಲೋಕದಲ್ಲಿ ಇದ್ದವಳು ಅಕ್ಕ ಒಬ್ಬಳೇ.

ಮನೆಯಲ್ಲಿ ಅಕ್ಕ ತಟ್ಟೆಗೆ ಅನ್ನ ಹಾಕಿ ಕಲಸಿದಳು. ಬಲಗೈಯಲ್ಲೇ ಕಲಸಿದಳು. ಮೊದಲ ತುತ್ತನ್ನು ತಂಗಿ ಅವಳ ಮುಖಕ್ಕೇ ಉಗಿದಳು. ಅಕ್ಕ ಮುಖ ಒರೆಸಿಕೊಂಡು, ಅಲ್ಲೇ ಕಾದು ಕೂತಳು. ಮರುದಿನವೂ ತಟ್ಟೆ ಹಿಡಿದು ಕೂತಳು. ಹಸಿವಿನಿಂದ ಪಟಾಕಿಗೆ ಕಣ್ಣು ಕತ್ತಲೆ ಬಂತು. ತಟ್ಟೆ ಎದುರಿಗೇ ಇತ್ತು, ಎತ್ತಿಕೊಳ್ಳುವ ಕೈಯಿರಲಿಲ್ಲ.

“ತಿನ್ನು, ನನ್ನ ಬಂಗಾರ,” ಎಂದಳು ಅಕ್ಕ.

ಪಟಾಕಿ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು.